‘ಮಾಡಾಕತ್ತೇನಿ’ ಅಶುದ್ಧವಲ್ಲ

ನಮ್ಮ ಕೋಟುಮಚಗಿಯಲ್ಲಿ ‘ಹತ್ತು’ ಎಂಬ ಕ್ರಿಯಾಪದವಿಲ್ಲದೆ ಒಂದು ದಿನವೂ ಸಾಗುವುದಿಲ್ಲ. ಗದಗಿಗೆ ಹೊರಟವರು ಬಸ್ ಹತ್ತುತ್ತಾರೆ. ಎರಿ ಹೊಲದ ಕಡಲೆಗೆ ಹುಳ ಹತ್ತುತ್ತದೆ, ಒಲೆಯ ಮೇಲಿನ ಪಲ್ಲೆ ತಳ ಹತ್ತುತ್ತದೆ, ಜಿಟಿಜಿಟಿ ಮಳೆ ಹತ್ತಿದರೆ ಬಿಡುವುದೇ ಇಲ್ಲ. ಗೋಡೆ ಕಟ್ಟಲು ‘ಎಷ್ಟ ರೊಕ್ಕ ಹತ್ತತಾವ?’ ಎಂದು ಗೌಂಡಿಯನ್ನು ಕೇಳುತ್ತೇವೆ. ರಾತ್ರಿ ಹೊರಳಾಡುವ ಅವ್ವ ‘ನಿದ್ದಿ ಹತ್ತವಲ್ದು’ ಅನ್ನುತ್ತಾಳೆ. ಬೆಂಕಿ ತಾನಾಗಿ ಆದರೆ ಹತ್ತಿದ್ದು, ಯಾರೋ ಮಾಡಿದ್ದಾದರೆ ಹಚ್ಚಿದ್ದು. ವರ್ಷಗಟ್ಟಲೆ ಕನ್ನಡ ಕಲಿಸಿದ ನನಗೆ ಇಷ್ಟು ದುಡಿಯುವ ಧಾತು ಇನ್ನೊಂದು ಸಿಕ್ಕಿಲ್ಲ.

ಇದರ ಬುಡದ ಅರ್ಥ ಅಂಟು, ಹಿಡಿ ಎಂದು. ಹಳಗನ್ನಡದಲ್ಲಿ ‘ಪತ್ತು’. ತಮಿಳಿನ ‘ಪಱ್ಱು’, ತೆಲುಗಿನ ‘ಪಟ್ಟು’ ಇದೇ ಬಳ್ಳಿಯವು. ಕಿವಿಗೆ ಒಂದೇ ತೆರನಾಗಿ ಕೇಳಿಸಿತೆಂದು ಹೇಳುತ್ತಿಲ್ಲ. ನಮ್ಮ ಹುತ್ತ ತಮಿಳಿನಲ್ಲಿ ‘ಪುಱ್ಱು’, ತೆಲುಗಿನಲ್ಲಿ ‘ಪುಟ್ಟ’. ನಮ್ಮ ಸುತ್ತು ತಮಿಳಿನಲ್ಲಿ ‘ಸುಱ್ಱು’, ತೆಲುಗಿನಲ್ಲಿ ‘ಚುಟ್ಟು’. ಮೂರೂ ಭಾಷೆಗಳಲ್ಲಿ ಬದಲಾವಣೆ ಒಂದೇ ಕ್ರಮದಲ್ಲಿ ನಡೆದಿದೆ. ನಮ್ಮೂರಿನಲ್ಲಿ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನವಿದೆ. ಆ ಕಾಲದವರಿಗೆ ಹಾಲು ಇನ್ನೂ ‘ಪಾಲ್’. ಮುಂದಿನ ಶತಮಾನಗಳಲ್ಲಿ ಪಕಾರ ಹಕಾರವಾಯಿತು, ‘ಪತ್ತು’ ‘ಹತ್ತು’ ಆಯಿತು. ಹೊಲದ ಹತ್ತಿಗೂ ಈ ಧಾತುವಿಗೂ ನಂಟಿಲ್ಲ, ಅದು ಹಿಂದೆ ‘ಪರ್ತಿ’ಯಾಗಿತ್ತು.

ನನ್ನನ್ನು ಬೆರಗುಗೊಳಿಸುವುದು ಇದರ ವ್ಯಾಕರಣ. ‘ಉಣ್ಣಾಕ ಹತ್ತೇನಿ’ ಕೂಡಿ ‘ಉಣ್ಣಾಕತ್ತೇನಿ’ ಆಗುತ್ತದೆ. ಅಂವ ಉಣ್ಣಾಕತ್ತಾನ, ಅಕಿ ಉಣ್ಣಾಕತ್ತಾಳ, ಅವ್ರು ಉಣ್ಣಾಕತ್ತಾರ, ಕೂಸು ಉಣ್ಣಾಕತ್ತೈತಿ. ‘ಬಸ್ ಹತ್ತ್ಯಾನ’ ಅಂದರೆ ಹತ್ತಿ ಆಗಿದೆ, ಕೆಲಸ ಮುಗಿದಿದೆ. ಅದೇ ರೂಪ ‘ಉಣ್ಣಾಕ’ ಎಂಬುದರ ಹಿಂದೆ ಬಂದರೆ ಊಟ ಈಗ ನಡೆದಿದೆ ಎಂದರ್ಥ. ಊಟಕ್ಕೆ ಅಂಟಿಕೊಂಡದ್ದು ಆಗಿದೆ, ಬಿಟ್ಟಿಲ್ಲ, ಆದ್ದರಿಂದ ಇನ್ನೂ ಉಣ್ಣುತ್ತಿದ್ದಾನೆ! ಆಗಿಹೋದದ್ದರ ರೂಪದಿಂದಲೇ ನಡೆಯುತ್ತಿರುವುದನ್ನು ಹೇಳುವ ಈ ಕಟ್ಟು ಎಷ್ಟು ಜಾಣತನದ್ದು. ಮೈಸೂರು ಕಡೆಯವರು ಇದೇ ಕೆಲಸವನ್ನು ‘ಉಣ್ತಾ ಇದಾನೆ’ ಎಂದು ‘ಇರು’ ಧಾತುವಿನಿಂದ ಮಾಡಿಸುತ್ತಾರೆ.

ನೆರೆಯ ಮರಾಠಿಯ ‘ಲಾಗಣೇ’ ಕೂಡ ಹೀಗೆಯೇ: ಬೆಂಕಿಯೂ ಲಾಗತೇ, ನಿದ್ದೆಯೂ ಲಾಗತೇ, ಹೊತ್ತೂ ಲಾಗತೋ, ಕೆಲಸ ಶುರುವಾಗುವುದಕ್ಕೂ ಅದೇ ಪದ. ದೂರದ ಸೆರ್ಬೋ-ಕ್ರೊವೇಷಿಯನ್ ಭಾಷೆಯಲ್ಲಿ ‘ಹ್ವಾತಾತಿ’ ಎಂದರೆ ಹಿಡಿ. ಅಲ್ಲಿ ತೂಕಡಿಕೆ ಬಂದವರು ‘ಹ್ವಾತಾ ಮೆ ಸಾನ್’, ನಿದ್ದೆ ನನ್ನನ್ನು ಹಿಡಿಯುತ್ತಿದೆ, ಅನ್ನುತ್ತಾರೆ.

ಇಂಥ ಧಾತುವನ್ನು ಆಡುವ ನಮ್ಮ ಮಕ್ಕಳು ಪಟ್ಟಣಕ್ಕೆ ಹೋದಾಗ ನಗೆಪಾಟಲಾಗುವುದನ್ನು ಕಂಡು ಸಂಕಟವಾಗುತ್ತದೆ. ಪರೀಕ್ಷೆಯಲ್ಲಿ ಗ್ರಂಥದ ರೂಪವನ್ನೇ ಬರೆಯಲಿ, ಅದು ಬರಲೇಬೇಕು. ಆದರೆ ಶಿಕ್ಷಕ ಮಿತ್ರರೇ, ‘ಬರಿಯಾಕತ್ತೇನ್ರಿ ಸರ್’ ಎಂದ ಮಗುವನ್ನು ತಪ್ಪೆಂದು ಕೂರಿಸಬೇಡಿ. ಹಲಗೆಯ ಮೇಲೆ ಎರಡೂ ರೂಪ ಬರೆದು, ಇದರಲ್ಲಿ ಧಾತು ಯಾವುದು, ಕಾಲ ಯಾವುದು ಎಂದು ಆ ಮಗುವನ್ನೇ ಕೇಳಿ.