ಕಾರಿನ ಕ್ಯಾಮೆರಾ, ಕಂಬದ ನೆರಳು: ಬಿದ್ದ ಉಲ್ಕೆಯ ದಾರಿ ಪತ್ತೆಯಾದದ್ದು ಹೀಗೆ

ಆಕಾಶದಲ್ಲಿ ಬೆಂಕಿಯುಂಡೆ ಹಾದುಹೋಗುವ ವಿಡಿಯೊ ವಾಟ್ಸಾಪ್‌ಗೆ ಬಂದರೆ, ಅದರ ಹಿಂದೆಯೇ ಕಥೆಗಳೂ ಬರುತ್ತವೆ. 2013ರ ಫೆಬ್ರವರಿ 15ರಂದು ಬೆಳಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಉಲ್ಕೆ ಸಿಡಿದಾಗಲೂ ಹೀಗೇ ಆಯಿತು. ‘ಇದು ಅಮೆರಿಕದ ಆಯುಧ’ ಎಂದರು ಕೆಲವರು. ತುರ್ಕಮೆನಿಸ್ತಾನದಲ್ಲಿ ವರ್ಷಗಳಿಂದ ಉರಿಯುತ್ತಿರುವ ಅನಿಲದ ಗುಂಡಿಯನ್ನೇ ಉಲ್ಕೆ ಬಿದ್ದ ಜಾಗ ಎಂದು ಹಂಚಿದರು. ಹಾಗಾದರೆ ನಿಜ ತಿಳಿದದ್ದು ಹೇಗೆ?

ಒಂದು ವಿಡಿಯೊ ಸಾಲದು

ಅಪಘಾತವಾದರೆ ಸಾಕ್ಷಿ ಇರಲಿ ಎಂದು ರಷ್ಯಾದಲ್ಲಿ ಬಹಳ ಜನ ಕಾರಿನಲ್ಲಿ ಕ್ಯಾಮೆರಾ ಇಟ್ಟುಕೊಂಡಿರುತ್ತಾರೆ. ಹಾಗಾಗಿ ನೂರಾರು ವಿಡಿಯೊಗಳು ಸಿಕ್ಕವು. ಒಂದು ವಿಡಿಯೊದಿಂದ ಉಲ್ಕೆ ಯಾವ ದಿಕ್ಕಿನಲ್ಲಿತ್ತು ಎಂದಷ್ಟೇ ಗೊತ್ತಾಗುತ್ತದೆ, ಎಷ್ಟು ದೂರದಲ್ಲಿತ್ತು ಎಂದು ಗೊತ್ತಾಗುವುದಿಲ್ಲ. ಬೇರೆ ಊರಿನಿಂದ ತೆಗೆದ ಇನ್ನೊಂದು ವಿಡಿಯೊ ಸೇರಿದರೆ, ಎರಡೂ ದಿಕ್ಕಿನ ಗೆರೆಗಳು ಸಂಧಿಸುವ ಜಾಗದಲ್ಲಿ ಉಲ್ಕೆ ಇತ್ತೆಂದು ಲೆಕ್ಕ ಹಾಕಬಹುದು.

ನೆರಳು ಹೇಳಿದ ಸಾಕ್ಷಿ

ಕೆಲವು ವಿಡಿಯೊಗಳಲ್ಲಿ ಉಲ್ಕೆ ಕಾಣಿಸದೆ, ಅದರ ಬೆಳಕಿಗೆ ದೀಪದ ಕಂಬಗಳ ನೆರಳು ಸರಿಯುವುದಷ್ಟೇ ಕಾಣುತ್ತಿತ್ತು. ಅದೂ ಉಪಯೋಗಕ್ಕೆ ಬಂತು. ಕಂಬದ ಎತ್ತರ ಮತ್ತು ನೆರಳಿನ ಉದ್ದ ಗೊತ್ತಿದ್ದರೆ ಬೆಳಕು ಎಷ್ಟು ಮೇಲಿತ್ತು ಎಂದು ತಿಳಿಯುತ್ತದೆ. ನೆರಳು ಬಿದ್ದ ಕಡೆಯಿಂದ ದಿಕ್ಕು ತಿಳಿಯುತ್ತದೆ. ಕೊಲಂಬಿಯಾದ ಆಂಟಿಯೋಕಿಯಾ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಘಟನೆ ನಡೆದ ಕೆಲವೇ ದಿನಗಳಲ್ಲಿ ಹೀಗೆ ದಾರಿಯನ್ನು ಅಂದಾಜಿಸಿದರು. ನಂತರ ಬೇರೆ ತಂಡಗಳು ಇನ್ನಷ್ಟು ವಿಡಿಯೊ ಬಳಸಿ ಅದನ್ನು ನಿಖರಗೊಳಿಸಿದವು. ವಿಡಿಯೊ ತೆಗೆದ ಜಾಗಗಳಿಗೇ ಹೋಗಿ, ರಾತ್ರಿ ನಕ್ಷತ್ರಗಳ ಫೋಟೊ ತೆಗೆದು ಕೋನಗಳನ್ನು ಸರಿಹೊಂದಿಸಿದ್ದೂ ಉಂಟು.

ಗೊತ್ತಾದದ್ದೇನು?

ಸುಮಾರು 20 ಮೀಟರ್ ಅಗಲದ ಕಲ್ಲು ಸೆಕೆಂಡಿಗೆ ಸುಮಾರು 19 ಕಿ.ಮೀ. ವೇಗದಲ್ಲಿ ಬಂದು, ಸುಮಾರು 30 ಕಿ.ಮೀ. ಎತ್ತರದಲ್ಲಿ ಸಿಡಿದಿತ್ತು. ದಾರಿಯನ್ನು ಹಿಂದಕ್ಕೆ ಎಳೆದಾಗ ಅದು ಮಂಗಳ ಮತ್ತು ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯ ಕಡೆಗೆ ಹೋಯಿತು. ಅದೇ ದಿನ ಭೂಮಿಯ ಹತ್ತಿರ ಹಾದುಹೋದ ‘2012 ಡಿಎ14’ ಕ್ಷುದ್ರಗ್ರಹದ ತುಂಡು ಇದು ಎಂಬ ಮಾತೂ ಸುಳ್ಳಾಯಿತು, ಏಕೆಂದರೆ ಎರಡರ ದಾರಿಯೇ ಬೇರೆ. ಮುಂದಕ್ಕೆ ಎಳೆದ ಗೆರೆ ಚೆಬಾರ್ಕುಲ್ ಕೆರೆಯ ಮಂಜುಗಡ್ಡೆಯಲ್ಲಿದ್ದ ದೊಡ್ಡ ತೂತಿನ ಕಡೆಗೇ ಹೋಗಿತ್ತು. ಅಕ್ಟೋಬರ್‌ನಲ್ಲಿ ಆ ಕೆರೆಯಿಂದ ಅರ್ಧ ಟನ್‌ಗೂ ಹೆಚ್ಚು ತೂಕದ ಉಲ್ಕಾಶಿಲೆಯನ್ನು ಮೇಲೆತ್ತಿದರು.

ನೆನಪಿಡಬೇಕಾದದ್ದು

ಅಂದು ಸುಮಾರು 1,500 ಜನ ಗಾಯಗೊಂಡರು. ಹೆಚ್ಚಿನವರಿಗೆ ತಗುಲಿದ್ದು ಕಲ್ಲಲ್ಲ, ಕಿಟಕಿಯ ಗಾಜು. ಬೆಳಕು ಕೂಡಲೇ ಕಂಡಿತು, ಸ್ಫೋಟದ ಅಲೆ ತಲುಪಲು ನಗರದಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಏನಾಯಿತೆಂದು ನೋಡಲು ಎಷ್ಟೋ ಜನ ಕಿಟಕಿಗೆ ಬಂದಿದ್ದರು.

ಆದ್ದರಿಂದ ಆಕಾಶದಲ್ಲಿ ಕಣ್ಣು ಕೋರೈಸುವ ಬೆಳಕು ಕಂಡರೆ ಮೊದಲು ಗಾಜಿನಿಂದ ದೂರ ಸರಿಯಿರಿ. ವಿಡಿಯೊ ನಿಮ್ಮ ಬಳಿ ಇದ್ದರೆ ಕತ್ತರಿಸದೆ, ಹಾಡು ಸೇರಿಸದೆ ಮೂಲ ಫೈಲನ್ನು ಹಾಗೆಯೇ ಉಳಿಸಿ, ನಿಂತಿದ್ದ ಜಾಗ ಮತ್ತು ಸಮಯ ಬರೆದಿಡಿ. ಎಲ್ಲಿ, ಯಾವಾಗ ತೆಗೆದದ್ದು ಎಂದು ಗೊತ್ತಿಲ್ಲದ ವಿಡಿಯೊ ನಿಮಗೆ ಬಂದರೆ, ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ.