ವಿನ್ಯಾಸಕಾರನ ಮಳಿಗೆ: ವಿಲಿಯಂ ಮಾರಿಸನ ರತ್ನಗಂಬಳಿಗಳು ಮತ್ತು ಅಚ್ಚಿನ ಬಟ್ಟೆಗಳು

ವಸ್ತ್ರಕಲೆಯ ಅಧ್ಯಯನಗಳು ಸಾಮಾನ್ಯವಾಗಿ ನೂಲು, ಬಣ್ಣ ಹಾಗೂ ಮಗ್ಗಗಳ ಸುತ್ತ ಬೆಳೆದಿವೆ. ಸಿದ್ಧವಾದ ಬಟ್ಟೆಯನ್ನು ಕೊಳ್ಳುವವನ ಎದುರು ಹರಡುವ ಮಳಿಗೆಯತ್ತ ಅವು ಅಷ್ಟಾಗಿ ಹೊರಳಿಲ್ಲ. ಕಸುಬಿನ ಆದರ್ಶವೂ ಮಾರುಕಟ್ಟೆಯ ಬೆಲೆಯೂ ಮುಖಾಮುಖಿಯಾಗುವುದು ಮಾತ್ರ ಅಲ್ಲಿಯೇ. ವಿಲಿಯಂ ಮಾರಿಸ್ (1834-1896) ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ 449ನೆಯ ಕಟ್ಟಡದಲ್ಲಿ 1877ರಲ್ಲಿ ತೆರೆದ ಪ್ರದರ್ಶನ ಮಳಿಗೆ ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಕವಿಯೂ ಸಮಾಜವಾದಿ ಚಿಂತಕನೂ ಆಗಿದ್ದ ಮಾರಿಸ್ 1861ರಲ್ಲಿ ಗೆಳೆಯರೊಡಗೂಡಿ ಗೃಹಾಲಂಕಾರದ ಸಂಸ್ಥೆಯೊಂದನ್ನು ಕಟ್ಟಿದನು. 1875ರಲ್ಲಿ ಅದು ಅವನೊಬ್ಬನ ಒಡೆತನಕ್ಕೆ ಬಂದು ‘ಮಾರಿಸ್ ಅಂಡ್ ಕಂಪನಿ’ ಎನಿಸಿತು. ಅಚ್ಚಿನ ಹತ್ತಿಬಟ್ಟೆ, ಉಣ್ಣೆ ಮತ್ತು ರೇಷ್ಮೆಯ ಪರದೆಬಟ್ಟೆ, ಗೋಡೆಕಾಗದ, ಕಸೂತಿ, ರತ್ನಗಂಬಳಿಗಳು ಅದರ ಮಳಿಗೆಯಲ್ಲಿ ಒಂದೇ ಸೂರಿನಡಿ ದೊರೆಯುತ್ತಿದ್ದವು. ಮುಂದೆ ಸಂಸ್ಥೆಯ ಪ್ರಧಾನ ವಿನ್ಯಾಸಕಾರನಾದ ಜಾನ್ ಹೆನ್ರಿ ಡರ್ಲ್ 1878ರಲ್ಲಿ ಇದೇ ಮಳಿಗೆಗೆ ಸಹಾಯಕನಾಗಿ ಸೇರಿದವನು.

ಸೂರು ಒಂದೇ ಆದರೂ ವಿನ್ಯಾಸದ ನಿಯಮ ಒಂದೇ ಆಗಿರಲಿಲ್ಲ. ನೆಲಕ್ಕೆ ಹಾಸುವ ಗಂಬಳಿಯಲ್ಲಿ ಉಬ್ಬುತಗ್ಗಿನ ಭ್ರಮೆ ಸಲ್ಲದು. ಬಣ್ಣದ ಮಗ್ಗುಲಲ್ಲಿ ಬಣ್ಣವಿಟ್ಟು ಆಕೃತಿಯನ್ನು ಸಮತಲವಾಗಿಯೇ ಬಿಡಿಸಬೇಕು. ಇದಕ್ಕೆ ಪರ್ಷಿಯಾದ ಹಳೆಯ ಗಂಬಳಿಗಳೇ ಅವನ ಮಾದರಿ. ಪರದೆಯ ಬಟ್ಟೆಯಾದರೋ ಮಡಿಕೆಮಡಿಕೆಯಾಗಿ ಇಳಿಬೀಳುವಂಥದು. ಮಡಿಕೆಯಲ್ಲಿ ಅರ್ಧ ಮರೆಯಾದರೂ ಬಳ್ಳಿಯ ಓಟ ಕಣ್ಣಿಗೆ ಸಿಗುವಂತಿರಬೇಕು.

ಇಂತಹ ಬಟ್ಟೆಗಳಲ್ಲಿ 1883ರ ‘ಸ್ಟ್ರಾಬೆರಿ ಥೀಫ್’ ಪ್ರಸಿದ್ಧವಾದುದು. ತನ್ನ ಹಳ್ಳಿಮನೆಯ ತೋಟದಲ್ಲಿ ಹಣ್ಣು ಕದಿಯುತ್ತಿದ್ದ ಥ್ರಶ್ ಹಕ್ಕಿಗಳೇ ಅದರ ವಸ್ತು. ಮೊದಲು ಇಡೀ ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದಿ ಗಾಢವಾಗಿಸುತ್ತಿದ್ದರು. ಬಳಿಕ ಬಣ್ಣ ಕಳೆಯುವ ದ್ರವ್ಯವನ್ನು ಮರದ ಅಚ್ಚಿನಿಂದ ಒತ್ತಿ, ಬೇಕಾದೆಡೆ ಬಿಳುಪನ್ನೋ ತಿಳಿನೀಲಿಯನ್ನೋ ಪಡೆಯುತ್ತಿದ್ದರು. ಆಮೇಲೆ ಕೆಂಪು ಮತ್ತು ಹಳದಿಯ ಸರದಿ. ಹಂತಹಂತವಾಗಿ ಹಲವು ದಿನ ಹಿಡಿಯುತ್ತಿದ್ದ ಈ ಕೆಲಸ, 1881ರಲ್ಲಿ ವಾಂಡಲ್ ನದಿಯ ದಡದ ಮರ್ಟನ್ ಆ್ಯಬಿಯಲ್ಲಿ ಕಾರ್ಖಾನೆ ನೆಲೆಗೊಂಡ ನಂತರ ಕೈಗೂಡಿತು. ಫಲವಾಗಿ ಅದು ಸಂಸ್ಥೆಯ ಅತ್ಯಂತ ದುಬಾರಿಯಾದ ಅಚ್ಚಿನ ಬಟ್ಟೆಗಳಲ್ಲಿ ಒಂದಾಯಿತು.

ಗಂಬಳಿಗಳಲ್ಲಿಯೂ ಈ ಅಂತರ ಎದ್ದು ಕಾಣುತ್ತದೆ. ಕೈಯಿಂದ ಗಂಟು ಹಾಕಿ ನೇಯ್ದ ‘ಹ್ಯಾಮರ್‌ಸ್ಮಿತ್’ ಗಂಬಳಿಗಳು ಸಿರಿವಂತರ ಪಾಲಾದವು. ಉಳಿದವರಿಗಾಗಿ ಮಾರಿಸ್ ತನ್ನ ವಿನ್ಯಾಸಗಳನ್ನು ಬೇರೆ ಕಾರ್ಖಾನೆಗಳ ಯಂತ್ರಗಳಿಂದ ನೇಯಿಸಿ ಮಾರಿದನು. ಕಲೆ ಕೆಲವರ ಸೊತ್ತಾಗಬಾರದೆಂದು ವೇದಿಕೆಗಳಲ್ಲಿ ಸಾರಿದವನ ಮಳಿಗೆಯೇ ಹೀಗೆ ಎರಡು ಬಗೆಯ ಗಿರಾಕಿಗಳನ್ನು ಕಂಡಿತು.

ಈ ಪ್ರಶ್ನೆಗೆ ಭಾರತದ ನಂಟೂ ಉಂಟು. ಆ ಕಾಲದ ಇಂಗ್ಲೆಂಡಿಗೆ ನೀಲಿ ಹೆಚ್ಚಾಗಿ ಬರುತ್ತಿದ್ದುದು ಇಲ್ಲಿಂದಲೇ. ಮಾರಿಸನೊಡನೆ ಬಣ್ಣದ ಪ್ರಯೋಗ ನಡೆಸಿದ ಲೀಕ್ ಪಟ್ಟಣದ ಥಾಮಸ್ ವಾರ್ಡಲ್ ಭಾರತದ ಟಸ್ಸಾರ್ ರೇಷ್ಮೆಗೆ ಬಣ್ಣ ಹಾಕುವುದರಲ್ಲಿ ಹೆಸರಾದವನು. 1879ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಮಾರಿಸ್, ಪಶ್ಚಿಮದ ಗೆಲುವು ಮತ್ತು ವ್ಯಾಪಾರಗಳು ಭಾರತದ ಕಸುಬುಗಳನ್ನು ನಾಶಮಾಡುತ್ತಿವೆ ಎಂದು ಮರುಗಿದನು. ಸರ್ಕಾರವೇ ಸೆರೆಮನೆಗಳಲ್ಲಿ ಅಗ್ಗದ ಗಂಬಳಿಗಳನ್ನು ಮಾಡಿಸುವುದನ್ನು ಖಂಡಿಸಿದನು.

ಅಗ್ಗವಾದರೆ ಕಸುಬು ಕೆಡುತ್ತದೆ. ತುಟ್ಟಿಯಾದರೆ ಜನರಿಂದ ದೂರವಾಗುತ್ತದೆ. ಮೊದಲನೆಯದನ್ನು ಭಾರತದ ನಿದರ್ಶನದಿಂದ ಮನಗಂಡಿದ್ದ ಮಾರಿಸನಿಗೆ ಎರಡನೆಯದನ್ನು ಸ್ವಂತ ಮಳಿಗೆಯೇ ತೋರಿಸಿಕೊಟ್ಟಿತು. ಸಂಸ್ಥೆ 1940ರಲ್ಲಿ ಮುಚ್ಚಿತು. ಅದರ ವಿನ್ಯಾಸಗಳು ಇಂದಿಗೂ ಅಚ್ಚಾಗುತ್ತಿವೆ. ಆದರೆ ಅದು ಬಿಡಿಸದೆ ಬಿಟ್ಟ ತೊಡಕು ಇಂದಿನ ಕೈಮಗ್ಗದ ಮಳಿಗೆಗಳ ಮುಂದೆಯೂ ಇದೆ. ಆದುದರಿಂದ ವಸ್ತ್ರಕಲೆಯ ಸಂಶೋಧಕರು ವಿನ್ಯಾಸದೊಡನೆ ಬೆಲೆಯ ಪಟ್ಟಿಯನ್ನೂ ಆಕರವಾಗಿ ಓದಬೇಕಾಗಿದೆ.