ಹೊಲದ ನೀರಾವರಿ: ಅಳೆದು ತಿಳಿಯುವ ತರಬೇತಿ

ಭಾರತದಲ್ಲಿ ಬಳಕೆಯಾಗುವ ನೀರಿನ ಸುಮಾರು ಶೇಕಡಾ 80ರಷ್ಟು ಭಾಗವು ವ್ಯವಸಾಯಕ್ಕೆ ವಿನಿಯೋಗವಾಗುತ್ತದೆ. ಆದರೆ ಅಣೆಕಟ್ಟು, ಕಾಲುವೆಗಳ ನಿರ್ಮಾಣದಿಂದಲೇ ನೀರಾವರಿಯ ಉದ್ದೇಶ ಸಫಲವಾಗುವುದಿಲ್ಲ. ಹೊಲಕ್ಕೆ ಬಂದ ನೀರಿನಲ್ಲಿ ಬೆಳೆಯ ಬೇರಿಗೆ ದೊರೆತದ್ದೆಷ್ಟು, ಅದು ಎಲ್ಲ ಗಿಡಗಳಿಗೂ ಸಮನಾಗಿ ಹಂಚಿಕೆಯಾಯಿತೇ ಎಂಬುದನ್ನು ಅಳೆದು ತಿಳಿಯಬೇಕು. ಈ ಕಾರ್ಯಕ್ಕೆ ನೀರಾವರಿ ಪದ್ಧತಿಯ ಮೌಲ್ಯಮಾಪನವೆಂದು ಹೆಸರು.

ತರಬೇತಿಯ ಅಗತ್ಯ

ಕಾಲುವೆಯ ಹರಿವನ್ನು ಬಲ್ಲ ಎಂಜಿನಿಯರರಿಗೆ ಬೆಳೆಯ ಅಗತ್ಯದ ಪರಿಚಯ ಕಡಿಮೆ. ಬೆಳೆಯನ್ನು ಬಲ್ಲ ಕೃಷಿ ಅಧಿಕಾರಿಗಳಿಗೆ ಹರಿವಿನ ಅಳತೆಯ ಅನುಭವ ಕಡಿಮೆ. ಈ ಅಂತರವನ್ನು ತುಂಬುವ ದಿಸೆಯಲ್ಲಿ ಹಲವು ರಾಜ್ಯಗಳಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಗಳು ಸ್ಥಾಪನೆಗೊಂಡವು. ಮಹಾರಾಷ್ಟ್ರದ ಸಂಸ್ಥೆಯು 1980ರಲ್ಲಿ ಆಗಿನ ಔರಂಗಾಬಾದಿನಲ್ಲಿಯೂ, ಕರ್ನಾಟಕದ ಸಂಸ್ಥೆಯು 1985ರಲ್ಲಿ ಧಾರವಾಡದಲ್ಲಿಯೂ ಆರಂಭವಾದವು. 'ವಾಲ್ಮಿ' ಎಂಬ ಹೆಸರಿನಿಂದ ಪರಿಚಿತವಾದ ಈ ಸಂಸ್ಥೆಗಳು ಅಧಿಕಾರಿಗಳೊಂದಿಗೆ ರೈತರಿಗೂ ನೀರಿನ ನಿರ್ವಹಣೆಯ ಶಿಕ್ಷಣ ನೀಡುತ್ತ ಬಂದಿವೆ.

ಹರಿ ನೀರಾವರಿಯ ಪರೀಕ್ಷೆ

ಬೋದು ಮತ್ತು ಸಾಲು ಪದ್ಧತಿಯ ಹೊಲದಲ್ಲಿ ನಿಯಮಿತ ಅಂತರಕ್ಕೆ ಗೂಟಗಳನ್ನು ನೆಡಲಾಗುತ್ತದೆ. ನೀರು ಪ್ರತಿಯೊಂದು ಗೂಟವನ್ನು ಮುಟ್ಟಿದ ಹೊತ್ತನ್ನೂ, ನೀರು ನಿಲ್ಲಿಸಿದ ಮೇಲೆ ಅಲ್ಲಿ ಇಂಗಿ ಮುಗಿದ ಹೊತ್ತನ್ನೂ ಗುರುತು ಹಾಕಿಕೊಳ್ಳುವರು. ಇವೆರಡರ ನಡುವಿನ ಅವಧಿಯೇ ಆ ಸ್ಥಳದ ಮಣ್ಣು ನೀರು ಹೀರಲು ಪಡೆದ ಕಾಲ. ಸಾಲಿನ ತಲೆಭಾಗದಲ್ಲಿ ಈ ಕಾಲ ಹೆಚ್ಚಾಗಿ, ಕೊನೆಯಲ್ಲಿ ತೀರ ಕಡಿಮೆಯಾಗಿದ್ದರೆ ಸಾಲು ಅತಿ ಉದ್ದವಾಗಿರಬಹುದು, ಹರಿವು ಸಾಲದಿರಬಹುದು ಅಥವಾ ನೆಲ ಮಟ್ಟಸವಾಗಿಲ್ಲದಿರಬಹುದು. ಹೊಲವನ್ನು ಪ್ರವೇಶಿಸುವ ನೀರನ್ನು ಪಾರ್ಷಲ್ ಫ್ಲೂಮ್ ಎಂಬ ಸಾಧನದಿಂದ ಅಳೆಯಬಹುದು. ಒಂದು ಹೆಕ್ಟೇರಿಗೆ 10 ಸೆಂಟಿಮೀಟರ್ ನೀರೆಂದರೆ 10 ಲಕ್ಷ ಲೀಟರ್. ಒಂದೆರಡು ಸೆಂಟಿಮೀಟರಿನ ವ್ಯತ್ಯಾಸವೂ ಅಲ್ಪವಲ್ಲ.

ಹನಿ ನೀರಾವರಿಯ ಪರೀಕ್ಷೆ

ಹನಿ ನೀರಾವರಿಯನ್ನು ಅಳವಡಿಸಿದ ಮಾತ್ರಕ್ಕೆ ನೀರಿನ ಉಳಿತಾಯ ಖಚಿತವೆಂದು ಭಾವಿಸಲಾಗದು. ಶಿಕ್ಷಣಾರ್ಥಿಗಳು ನಾಲ್ಕು ಕೊಳವೆ ಸಾಲುಗಳನ್ನು ಆರಿಸಿ, ಪ್ರತಿ ಸಾಲಿನ ನಾಲ್ಕು ಕಡೆ, ಒಟ್ಟು 16 ಡ್ರಿಪ್ಪರುಗಳ ನೀರನ್ನು ಅಳತೆಯ ಜಾಡಿಯಲ್ಲಿ ಹಿಡಿಯುವರು. 36 ಸೆಕೆಂಡುಗಳಲ್ಲಿ 40 ಮಿಲಿಲೀಟರ್ ದೊರೆತರೆ ಗಂಟೆಗೆ 4 ಲೀಟರ್ ಎಂದು ತಿಳಿಯಬೇಕು. ಅತ್ಯಂತ ಕಡಿಮೆ ನೀರು ಕೊಡುವ ನಾಲ್ಕರ ಸರಾಸರಿಯನ್ನು ಎಲ್ಲ ಹದಿನಾರರ ಸರಾಸರಿಯಿಂದ ಭಾಗಿಸಿದರೆ ಹಂಚಿಕೆಯ ಸಮಾನತೆ ಗೊತ್ತಾಗುತ್ತದೆ. ಇದು ಶೇಕಡಾ 90ಕ್ಕಿಂತ ಹೆಚ್ಚಿದ್ದರೆ ಉತ್ತಮ. 70ಕ್ಕಿಂತ ಕಡಿಮೆಯಿದ್ದರೆ ದೋಷಪೂರ್ಣ.

ಒಟ್ಟು ಸರಾಸರಿ ಗಂಟೆಗೆ 4 ಲೀಟರ್, ಕನಿಷ್ಠ ನಾಲ್ಕರ ಸರಾಸರಿ 3 ಲೀಟರ್ ಎಂದಿಟ್ಟುಕೊಳ್ಳೋಣ. ಸಮಾನತೆ ಶೇಕಡಾ 75. ಗಿಡವೊಂದಕ್ಕೆ 12 ಲೀಟರ್ ಬೇಕೆಂದು ರೈತನು 3 ಗಂಟೆ ನೀರು ಬಿಟ್ಟರೆ ಬಡಕಲು ಗಿಡಗಳಿಗೆ 9 ಲೀಟರ್ ಮಾತ್ರ ದೊರೆಯುವುದು. ಆ ಕೊರತೆ ನೀಗಲು 4 ಗಂಟೆ ಪಂಪು ನಡೆಸಿದರೆ ಮೂರನೆಯ ಒಂದು ಪಾಲಿನಷ್ಟು ನೀರೂ ವಿದ್ಯುಚ್ಛಕ್ತಿಯೂ ಅಧಿಕವಾಗಿ ವ್ಯಯವಾಗುವುವು.

ದೋಷದ ಮೂಲವನ್ನು ಹುಡುಕುವುದು ತರಬೇತಿಯ ಮುಖ್ಯ ಭಾಗ. ಒತ್ತಡಮಾಪಕವು ಎಲ್ಲೆಡೆ ಒಂದೇ ಒತ್ತಡ ತೋರಿಸಿಯೂ ನೀರು ಹೆಚ್ಚು ಕಡಿಮೆಯಾದರೆ ಡ್ರಿಪ್ಪರು ಕಟ್ಟಿಕೊಂಡಿರಬಹುದು ಅಥವಾ ಬೇರೆ ಬೇರೆ ಅಳತೆಯವು ಸೇರಿರಬಹುದು. ಒತ್ತಡವೇ ಬೇರೆಯಾದರೆ ಇಳಿಜಾರು, ಕೊಳವೆಯ ಗಾತ್ರ, ಉದ್ದಗಳನ್ನು ಪರಿಶೀಲಿಸಬೇಕು. ಅನೇಕ ವೇಳೆ ಫಿಲ್ಟರನ್ನು ಶುಚಿಗೊಳಿಸಿ ಕೊಳವೆಯ ತುದಿ ಬಿಚ್ಚಿ ತೊಳೆಯುವುದರಿಂದಲೇ ಸ್ಥಿತಿ ಸುಧಾರಿಸುತ್ತದೆ.

ಹೊಲದಿಂದ ಅಚ್ಚುಕಟ್ಟಿಗೆ

ಅಳತೆಯಿಲ್ಲದ ಬಳಕೆಯ ಪರಿಣಾಮ ಒಂದು ಹೊಲಕ್ಕೆ ಸೀಮಿತವಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆಯ ಮೇಲ್ಭಾಗದಲ್ಲಿ ಭತ್ತಕ್ಕೆ ಅತಿಯಾಗಿ ನೀರುಣಿಸಿದ್ದರಿಂದ ಜೌಗು, ಸವಳುಗಳು ಕಾಣಿಸಿಕೊಂಡವು; ಅದೇ ಕಾಲುವೆಯ ಕೊನೆಯ ರೈತರು ನೀರಿನ ಕೊರತೆ ಅನುಭವಿಸಿದರು. ಮೇಲಿನವನಿಗೆ ಹೆಚ್ಚಾದ ನೀರು ಕೆಳಗಿನವನಿಗೆ ಸಲ್ಲಬೇಕಾದ ನೀರೇ ಆಗಿರುತ್ತದೆ.

ಆದಕಾರಣ ಪರೀಕ್ಷೆಯ ಫಲಿತಾಂಶವು ಕಚೇರಿಯ ಕಡತದಲ್ಲಿ ಉಳಿಯದೆ ರೈತನಿಗೆ ಅವನ ಹೊಲದಲ್ಲಿಯೇ, ಅವನ ಭಾಷೆಯಲ್ಲಿಯೇ ತಿಳಿಯಬೇಕು. ಎಷ್ಟು ಹೊತ್ತು ನೀರು ಬಿಡಬೇಕು, ಯಾವ ದೋಷವನ್ನು ಮೊದಲು ಸರಿಪಡಿಸಬೇಕು ಎಂಬ ಸ್ಪಷ್ಟ ಸಲಹೆ ದೊರೆತಾಗಲೇ ಮೌಲ್ಯಮಾಪನವು ಸಾರ್ಥಕವಾಗುವುದು.